ಗೌಜಲ ಹಕ್ಕಿಯ ಮೊಟ್ಟೆ ಮರಿ ಮಾಡಿಸುವುದು, ಮರಿ ಸಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದೆಲ್ಲ ಫಾರಂಗಳಲ್ಲಿ ಸಾಕುವ ಜಪಾನಿ ಕ್ವೇಲ್‌ಗೆ ಸಂಬಂಧಿಸಿದ್ದು. ಹೊಲದ ಬದುವಿನಲ್ಲಿ, ಕುರುಚಲು ಕಾಡಿನಲ್ಲಿ ಸಿಗುವ ನಮ್ಮ ಕಾಡು ಗೌಜಲಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವುಗಳ ಗೂಡಿನಿಂದ ಮೊಟ್ಟೆ ತಂದು ಕಾವಿಗೆ ಇಡುವುದು ಅಪರಾಧ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ.

ಅಂಗಡಿಯಲ್ಲಿ ಸಿಗುವ ಡಬ್ಬಿಯ ಮೊಟ್ಟೆ ಇಟ್ಟರೆ ಮರಿ ಆಗುತ್ತದೆಯೇ?

ಒಂದೆರಡು ಆದರೂ ಆಗಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ತಿನ್ನುವ ಮೊಟ್ಟೆಗಾಗಿ ಸಾಕುವವರು ಗಂಡುಗಳನ್ನು ಬೇರ್ಪಡಿಸಿರುತ್ತಾರೆ. ಹಾಗಾಗಿ ಹೆಚ್ಚಿನವು ಗೊಡ್ಡು ಮೊಟ್ಟೆಗಳೇ. ಗಂಡಿನ ಜೊತೆ ಇದ್ದ ಹೆಣ್ಣು ಇಟ್ಟ ಮೊಟ್ಟೆಯಾದರೂ ಎಷ್ಟು ದಿನ ಹಳೆಯದು, ಎಷ್ಟು ಹೊತ್ತು ಫ್ರಿಜ್ಜಿನಲ್ಲಿತ್ತು ಅನ್ನುವುದು ಗೊತ್ತಾಗುವುದಿಲ್ಲ. ಮರಿ ಮಾಡಿಸುವ ಮೊಟ್ಟೆ ಬೇಕೆಂದು ಸ್ಪಷ್ಟವಾಗಿ ಹೇಳಿ ಸಾಕುವವರಿಂದಲೇ ಕೊಳ್ಳಿ. ಕೊಳ್ಳುವಾಗ ಮೂರು ಮಾತು ಕೇಳಿ: ಒಂದು ಗಂಡಿಗೆ ಎಷ್ಟು ಹೆಣ್ಣು ಬಿಟ್ಟಿದ್ದೀರಿ, ಹಕ್ಕಿಗಳಿಗೆ ಎಷ್ಟು ವಾರ, ಮೊಟ್ಟೆ ಇಟ್ಟು ಎಷ್ಟು ದಿನವಾಯಿತು? ಒಂದಕ್ಕೆ ಎರಡು ಅಥವಾ ಮೂರು ಹೆಣ್ಣು, ಎಂಟು ವಾರ ದಾಟಿ ಆರು ತಿಂಗಳೊಳಗಿನ ಹಕ್ಕಿ, ಒಂದು ವಾರದೊಳಗಿನ ಮೊಟ್ಟೆ ಎಂದರೆ ಧೈರ್ಯವಾಗಿ ತನ್ನಿ.

ಮೊಟ್ಟೆ ಆರಿಸುವುದು, ಕೂಡಿಡುವುದು ಹೇಗೆ?

ಹತ್ತರಿಂದ ಹನ್ನೆರಡು ಗ್ರಾಂ ತೂಕದ, ಒಂದು ತುದಿ ದಪ್ಪ, ಇನ್ನೊಂದು ಚೂಪಾಗಿರುವ ಮೊಟ್ಟೆ ಒಳ್ಳೆಯದು. ತೀರಾ ಉರುಟು, ತೀರಾ ಉದ್ದ, ಚಿಪ್ಪು ತೆಳು ಇರುವವು, ಕೂದಲೆಳೆಯ ಬಿರುಕು ಇರುವವು ಬೇಡ. ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ತೊಳೆದು ಇಡುವ ಬದಲು ಬಿಟ್ಟುಬಿಡುವುದೇ ಲೇಸು. ತಣ್ಣೀರಿನಲ್ಲಿ ತೊಳೆದರೆ ಒಳಗಿನದು ಕುಗ್ಗಿ, ಹೊರಗಿನ ಕೊಳೆ ಚಿಪ್ಪಿನ ರಂಧ್ರಗಳ ಮೂಲಕ ಒಳಕ್ಕೆ ಹೀರಿಕೊಳ್ಳುತ್ತದೆ. ಅಂಥ ಒಂದು ಮೊಟ್ಟೆ ಕಾವಿನಲ್ಲಿ ಕೊಳೆತು ಸಿಡಿದರೆ ಪಕ್ಕದವನ್ನೂ ಕೆಡಿಸುತ್ತದೆ.

ಕೂಡಿಡಲು 15ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಫ್ರಿಜ್ಜು ಇದಕ್ಕಿಂತ ಬಹಳ ತಣ್ಣಗೆ, ಅಡುಗೆಮನೆ ಬಹಳ ಬಿಸಿ. ಮನೆಯ ಅತಿ ತಂಪಾದ ಕೋಣೆಯಲ್ಲಿ, ನೆಲದ ಮೇಲೆ, ಚೂಪು ತುದಿ ಕೆಳಗೆ ಮಾಡಿ ಇಡಿ. ಕೋಣೆ 25 ಡಿಗ್ರಿ ಮೇಲಿದ್ದರೆ ನಾಲ್ಕೈದು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ. ಬಸ್ಸಿನಲ್ಲೋ ಕೊರಿಯರ್‌ನಲ್ಲೋ ಬಂದ ಮೊಟ್ಟೆಯನ್ನು ತಕ್ಷಣ ಕಾವಿಗೆ ಇಡದೆ, ಚೂಪು ತುದಿ ಕೆಳಗಾಗಿ ಹನ್ನೆರಡು ಗಂಟೆ ಅಲುಗದಂತೆ ಬಿಡಿ. ಕುಲುಕಾಟದಿಂದ ಕದಡಿದ ಗಾಳಿಗೂಡು (ದಪ್ಪ ತುದಿಯೊಳಗೆ ಗಾಳಿ ತುಂಬಿರುವ ಜಾಗ) ಅಷ್ಟರಲ್ಲಿ ತನ್ನ ಜಾಗಕ್ಕೆ ಬರುತ್ತದೆ.

ಗೌಜಲವೇ ಕಾವಿಗೆ ಕೂರುವುದಿಲ್ಲವೇ? ನಾಟಿ ಕೋಳಿಯ ಅಡಿಯಲ್ಲಿ ಇಡಬಹುದೇ?

ಫಾರಂ ತಳಿಗಳಲ್ಲಿ ಕಾವು ಕೂರುವ ಗುಣ ಬಹುಪಾಲು ಅಳಿದುಹೋಗಿದೆ. ನಾಟಿ ಕೋಳಿ ಭಾರವಾದ್ದರಿಂದ ಇಷ್ಟು ಸಣ್ಣ ಮೊಟ್ಟೆ ತುಳಿತಕ್ಕೆ ಒಡೆಯುತ್ತದೆ. ಹುಟ್ಟಿದ ಮರಿಯೂ ಅದರ ಕಾಲಡಿಗೆ ಸಿಕ್ಕಬಹುದು. ಇನ್‌ಕ್ಯುಬೇಟರ್ ಬೇಕೇ ಬೇಕು.

ಎಂಥ ಇನ್‌ಕ್ಯುಬೇಟರ್ ಬೇಕು? ಮನೆಯಲ್ಲೇ ಮಾಡಿಕೊಳ್ಳಬಹುದೇ?

ಕೊಳ್ಳುವುದಾದರೆ ಒಳಗೆ ಫ್ಯಾನ್ ಇರುವುದನ್ನೇ ಕೊಳ್ಳಿ. ಕೋಳಿ ಮೊಟ್ಟೆಯ ಟ್ರೇಯಲ್ಲಿ ಗೌಜಲ ಮೊಟ್ಟೆ ಜಾರಿ ಬೀಳುತ್ತದೆ, ಆದ್ದರಿಂದ ಸಣ್ಣ ಗುಳಿಯ ಟ್ರೇ ಇದೆಯೇ ಎಂದು ನೋಡಿ.

ಮನೆಯಲ್ಲಿ ಮಾಡಲು ಎರಡು ಇಂಚು ದಪ್ಪ ಗೋಡೆಯ ಥರ್ಮಾಕೋಲ್ ಪೆಟ್ಟಿಗೆ, ಎರಡು ಫಿಲಮೆಂಟ್ ಬಲ್ಬು, 12 ವೋಲ್ಟಿನ ಕಂಪ್ಯೂಟರ್ ಫ್ಯಾನ್, ಅದಕ್ಕೊಂದು ಅಡಾಪ್ಟರ್, ಡಿಜಿಟಲ್ ಥರ್ಮೋಸ್ಟಾಟ್ ಸಾಕು. ಎಲ್‌ಇಡಿ ಬಲ್ಬು ಕಾವು ಕೊಡುವುದಿಲ್ಲ. ಎರಡು ಬಲ್ಬು ಏಕೆಂದರೆ ರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಉಳಿಯುತ್ತದೆ. ಬಲ್ಬು ಮೊಟ್ಟೆಗೆ ನೇರವಾಗಿ ಕಾಣದಂತೆ ನಡುವೆ ತಗಡಿನ ಮರೆ ಇಡಿ. ಇಲ್ಲದಿದ್ದರೆ ಬಲ್ಬಿನ ಹತ್ತಿರದ ಸಾಲು ಬೆಂದು, ದೂರದ ಸಾಲು ತಣ್ಣಗಾಗುತ್ತದೆ. ಗಾಳಿಯಾಡಲು ಕೆಳಗೆರಡು, ಮೇಲೆರಡು ಪೆನ್ಸಿಲ್ ದಪ್ಪದ ತೂತು ಬೇಕು.

ಥರ್ಮೋಸ್ಟಾಟ್ ವಿಚಾರದಲ್ಲಿ ತುಂಬ ಜನ ಎಡವುವುದು ಸೆಟ್ಟಿಂಗಿನಲ್ಲಿ. ಎಲ್ಲೆಡೆ ಸಿಗುವ ಅಗ್ಗದ ಡಬ್ಲ್ಯೂ 1209 ಮಾಡ್ಯೂಲ್ ತೆಗೆದುಕೊಳ್ಳಿ. ಅಂಗಡಿಯಿಂದ ಬರುವಾಗ ಅದು ತಂಪು ಮಾಡುವ ಸೆಟ್ಟಿಂಗಿನಲ್ಲಿರುತ್ತದೆ. ಅದರ ಮೆನುವಿನಲ್ಲಿ ಪಿ0 ಎಂಬ ಸೆಟ್ಟಿಂಗನ್ನು ಎಚ್‌ಗೆ (ಬಿಸಿ ಮಾಡುವುದಕ್ಕೆ) ಬದಲಿಸದಿದ್ದರೆ ಬಿಸಿ ಏರಿದಷ್ಟೂ ಬಲ್ಬು ಉರಿಯುತ್ತಲೇ ಇರುತ್ತದೆ. ಪಿ1 ಎಂದರೆ ಎಷ್ಟು ಇಳಿದ ಮೇಲೆ ಮತ್ತೆ ಹೊತ್ತಬೇಕು ಎಂಬ ಅಂತರ. ಅದು 2 ಡಿಗ್ರಿಗೆ ಇರುತ್ತದೆ, 0.2 ಅಥವಾ 0.3ಕ್ಕೆ ಇಳಿಸಿ. ಪಿ4ರಲ್ಲಿ ಸೆನ್ಸರಿನ ತಪ್ಪನ್ನು ಸರಿಪಡಿಸಬಹುದು. ಈ ಮಾಡ್ಯೂಲಿನ ಹಿಂಬದಿಯಲ್ಲಿ 230 ವೋಲ್ಟ್ ಓಡುವ ಭಾಗಗಳು ಬರಿದಾಗಿಯೇ ಇರುತ್ತವೆ. ಪಕ್ಕದಲ್ಲೇ ನೀರಿನ ಪಾತ್ರೆ ಇರುವ ಪೆಟ್ಟಿಗೆ ಇದು, ಆದ್ದರಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ ಹೊರಗೆ ಇಡಿ. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಪೆಟ್ಟಿಗೆಯನ್ನು ಮೊಟ್ಟೆಯಿಲ್ಲದೆ ಪೂರಾ ಒಂದು ದಿನ ಓಡಿಸಿ ನೋಡಿ. ಬಿಸಿಲು ಬೀಳುವ ಕಿಟಕಿ, ಫ್ಯಾನಿನ ಗಾಳಿ ಬಡಿಯುವ ಜಾಗ ಎರಡೂ ಬೇಡ.

ಉಷ್ಣತೆ ಎಷ್ಟಿರಬೇಕು?

ಫ್ಯಾನ್ ಇದ್ದರೆ 37.5ರಿಂದ 37.7 ಡಿಗ್ರಿ. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆ ನಿಲ್ಲುವುದರಿಂದ, ಮೊಟ್ಟೆಯ ಮೇಲ್ಮೈ ಮಟ್ಟದಲ್ಲಿ ಅಳೆದು 38.3ರಿಂದ 38.8 ಇಡಬೇಕು.

ಪೆಟ್ಟಿಗೆಯ ಡಿಸ್‌ಪ್ಲೇ ತೋರಿಸುವ ಅಂಕಿಯನ್ನು ಹಾಗೆಯೇ ನಂಬಬೇಡಿ. ಒಂದು ಡಿಗ್ರಿ ತಪ್ಪು ತೋರಿಸುವ ಸೆನ್ಸರ್ ಇಡೀ ತಂಡವನ್ನು ಹಾಳು ಮಾಡಲು ಸಾಕು. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಈ ಮಟ್ಟದಲ್ಲಿ ನಿಖರವಾಗಿರುತ್ತದೆ. ಅದನ್ನು ಮೊಟ್ಟೆಗಳ ನಡುವೆ ಇಟ್ಟು, ಬೀಪ್ ಬಂದ ಮೇಲೂ ಆಫ್ ಮಾಡಿ ಮತ್ತೆ ಆನ್ ಮಾಡಿ ಎರಡು ಮೂರು ಸಲ ಓದಿ, ಪೆಟ್ಟಿಗೆಯ ಅಂಕಿಯ ಜೊತೆ ಹೋಲಿಸಿ.

ತಪ್ಪುವುದೇ ಆದರೆ ತಂಪಿನ ಕಡೆಗೆ ತಪ್ಪಲಿ. 36.5ರಲ್ಲಿ ಒಂದೆರಡು ಗಂಟೆ ಕಳೆದರೆ ಮರಿ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೆ. 40 ದಾಟಿ ಅಷ್ಟೇ ಹೊತ್ತು ನಿಂತರೆ ಭ್ರೂಣ ಸಾಯಬಹುದು. ರಾಯಚೂರು, ಕಲಬುರಗಿ, ವಿಜಯಪುರದ ಕಡೆ ಏಪ್ರಿಲ್–ಮೇನಲ್ಲಿ ಕೋಣೆಯೇ 40 ಮುಟ್ಟುತ್ತದೆ. ಥರ್ಮೋಸ್ಟಾಟ್ ಬಲ್ಬು ಆರಿಸಬಲ್ಲದೇ ಹೊರತು ಪೆಟ್ಟಿಗೆಯನ್ನು ತಣಿಸಲಾರದು. ತಂಪು ಕೋಣೆ ಇಲ್ಲದಿದ್ದರೆ ಆ ಎರಡು ತಿಂಗಳು ಮರಿ ಮಾಡಿಸದಿರುವುದೇ ಸರಿ.

ತೇವಾಂಶ ಎಷ್ಟು? ನೀರು ಎಷ್ಟು ಹಾಕಬೇಕು?

ಮೊದಲ 14 ದಿನ ಶೇ. 45ರಿಂದ 55. ಕೊನೆಯ ದಿನಗಳಲ್ಲಿ ಶೇ. 65ರಿಂದ 70. ಎಷ್ಟು ನೀರು ಹಾಕಬೇಕು ಎನ್ನುವುದಕ್ಕೆ ಮಾತ್ರ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಅದು ನಿಮ್ಮ ಊರು, ನಿಮ್ಮ ತಿಂಗಳಿನ ಮೇಲೆ ನಿಂತಿದೆ.

ಗಾಳಿಯನ್ನು ಕಾಯಿಸಿದಾಗ ಅದರಲ್ಲಿರುವ ನೀರು ಅಷ್ಟೇ ಇರುತ್ತದೆ, ಆದರೆ ಹಿಡಿದುಕೊಳ್ಳುವ ಶಕ್ತಿ ಹೆಚ್ಚುವುದರಿಂದ ಶೇಕಡಾವಾರು ತೇವಾಂಶ ಇಳಿಯುತ್ತದೆ. ಜುಲೈನಲ್ಲಿ ಮಂಗಳೂರಿನ ಕೋಣೆ 27 ಡಿಗ್ರಿ, ತೇವಾಂಶ ಶೇ. 88 ಎಂದುಕೊಳ್ಳಿ. ಆ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಕಾದಾಗ ಸುಮಾರು ಶೇ. 49 ಆಗುತ್ತದೆ. ಒಂದು ಹನಿ ನೀರೂ ಹಾಕದೆ ಬೇಕಾದ್ದು ಸಿಕ್ಕಿತು. ಅದೇ ಡಿಸೆಂಬರಿನ ಬೆಂಗಳೂರಿನಲ್ಲಿ ಕೋಣೆ 20 ಡಿಗ್ರಿ, ತೇವಾಂಶ ಶೇ. 60 ಇದ್ದರೆ ಒಳಗೆ ಉಳಿಯುವುದು ಸುಮಾರು 22 ಮಾತ್ರ. ಬಯಲುಸೀಮೆಯ ಒಣ ತಿಂಗಳುಗಳಲ್ಲೂ ಹೀಗೆಯೇ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಬಟ್ಟಲು ತುಂಬ ನೀರಿಟ್ಟು, ಪೂರಾ ಬೆಳೆದ ಮರಿಗಳು ಚಿಪ್ಪೊಳಗೇ ಸತ್ತವೆಂದು ಕೊರಗುವವರ ತೊಂದರೆಯ ಬೇರು ಬಹುಮಟ್ಟಿಗೆ ಇಲ್ಲೇ ಇರುತ್ತದೆ.

ತೇವಾಂಶವನ್ನು ನಿರ್ಧರಿಸುವುದು ನೀರಿನ ಆಳವಲ್ಲ, ಮೇಲ್ಮೈ. ಅಗಲದ ತಟ್ಟೆ ಇಟ್ಟರೆ ಏರುತ್ತದೆ, ಕಿರಿದಾದ ಬಟ್ಟಲು ಇಟ್ಟರೆ ಇಳಿಯುತ್ತದೆ. ಇನ್ನೂ ಏರಬೇಕಾದರೆ ತಟ್ಟೆಯಲ್ಲಿ ಸ್ಪಾಂಜು ನಿಲ್ಲಿಸಿ.

ಅಗ್ಗದ ತೇವಾಂಶ ಮಾಪಕ ಹತ್ತು ಅಂಕಿಯಷ್ಟು ತಪ್ಪು ತೋರಿಸುವುದೂ ಉಂಟು. ಪರೀಕ್ಷೆ ಸುಲಭ: ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಷ್ಟು ಆಗುವಂತೆ ಕೆಲವು ಹನಿ ನೀರು ಹಾಕಿ, ಮಾಪಕದ ಜೊತೆ ಜಿಪ್ ಕವರಿನಲ್ಲಿ ಹಾಕಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ 75 ತೋರಿಸಬೇಕು. 69 ತೋರಿಸಿದರೆ ನಿಮ್ಮ ಮಾಪಕ 6 ಕಡಿಮೆ ಹೇಳುತ್ತಿದೆ ಎಂದರ್ಥ.

ಇದಕ್ಕಿಂತಲೂ ನಂಬಬಹುದಾದದ್ದು ತಕ್ಕಡಿ. ಮೊಟ್ಟೆ 14 ದಿನದಲ್ಲಿ ತನ್ನ ತೂಕದ ಶೇ. 12ರಷ್ಟನ್ನು ಆವಿಯಾಗಿ ಕಳೆದುಕೊಳ್ಳಬೇಕು. ಆಗಲೇ ಗಾಳಿಗೂಡು ಸಾಕಷ್ಟು ದೊಡ್ಡದಾಗಿ ಮರಿಗೆ ಮೊದಲ ಉಸಿರು ಸಿಗುವುದು. 20 ಮೊಟ್ಟೆ ಒಟ್ಟಿಗೆ 240 ಗ್ರಾಂ ಇದ್ದರೆ ಏಳನೇ ದಿನ ಸುಮಾರು 226, ಹದಿನಾಲ್ಕನೇ ದಿನ ಸುಮಾರು 211 ಗ್ರಾಂ ಆಗಬೇಕು. ಏಳನೇ ದಿನ 233 ಇದ್ದರೆ ತೇವ ಹೆಚ್ಚಾಗಿದೆ, ನೀರು ತೆಗೆಯಿರಿ. 218ಕ್ಕೆ ಇಳಿದಿದ್ದರೆ ನೀರಿನ ಮೇಲ್ಮೈ ಹೆಚ್ಚಿಸಿ. ಪ್ರತಿ ಸಲವೂ ಅವೇ ಮೊಟ್ಟೆಗಳನ್ನು ತೂಗಬೇಕು ಅನ್ನುವುದು ನೆನಪಿರಲಿ.

ದಿನಕ್ಕೆ ಎಷ್ಟು ಸಲ ತಿರುಗಿಸಬೇಕು?

ಕೈಯಲ್ಲಾದರೆ ಐದು ಸಲ, ಆಗದಿದ್ದರೆ ಮೂರು. ಬೆಸ ಸಂಖ್ಯೆ ಏಕೆಂದರೆ ಉದ್ದನೆಯ ರಾತ್ರಿಯನ್ನು ಮೊಟ್ಟೆ ಒಂದು ದಿನ ಒಂದು ಮಗ್ಗುಲಲ್ಲಿ, ಮರುದಿನ ಇನ್ನೊಂದು ಮಗ್ಗುಲಲ್ಲಿ ಕಳೆಯುತ್ತದೆ. ಗೌಜಲ ಮೊಟ್ಟೆಯ ಮೇಲೆ ಮಚ್ಚೆಗಳಿರುವುದರಿಂದ ಗುರುತು ಕಾಣುವುದಿಲ್ಲ, ಹಗುರವಾಗಿ ಚಾಕ್‌ಪೀಸಿನ ಗೆರೆ ಎಳೆಯಿರಿ. ತಿರುಗಿಸದಿದ್ದರೆ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಮೊದಲ ವಾರದಲ್ಲಿ ಇದರ ಅಪಾಯ ಹೆಚ್ಚು. ತಾನೇ ತಿರುಗಿಸುವ ಟ್ರೇ ಇದ್ದರೆ ಅದು ನಿಜವಾಗಿ ತಿರುಗುತ್ತಿದೆಯೇ ಎಂದು ಬೆಳಗ್ಗೆ ಸಂಜೆ ನೋಡಿ. ಗೇರು ಸಿಕ್ಕಿಕೊಂಡು ನಿಂತಿದ್ದು ಎಷ್ಟೋ ಸಲ ಗೊತ್ತಾಗುವುದೇ ಇಲ್ಲ.

ಬೆಳಕು ಹಿಡಿದು ನೋಡಿದರೆ ಏನೂ ಕಾಣುವುದಿಲ್ಲವಲ್ಲ?

ಚಿಪ್ಪಿನ ಕಂದು ಮಚ್ಚೆ ಬೆಳಕನ್ನು ತಡೆಯುತ್ತದೆ. ಪೂರ್ತಿ ಕತ್ತಲ ಕೋಣೆಯಲ್ಲಿ ಪ್ರಖರವಾದ ಸಣ್ಣ ಎಲ್‌ಇಡಿ ಟಾರ್ಚನ್ನು ದಪ್ಪ ತುದಿಗೆ ಒತ್ತಿ ಹಿಡಿದು ನೋಡಿ. ಏಳನೇ ದಿನಕ್ಕೆ ಮೊದಲು ನೋಡುವುದು ದಂಡ. ಆಗ ಅರ್ಧಕ್ಕಿಂತ ಹೆಚ್ಚು ಕಪ್ಪಾಗಿ, ಅಂಚಿನಲ್ಲಿ ರಕ್ತನಾಳ ಕಂಡರೆ ಮರಿ ಬೆಳೆಯುತ್ತಿದೆ. ಇಡೀ ಮೊಟ್ಟೆ ಹಳದಿಯಾಗಿ ಹೊಳೆದರೆ ಗೊಡ್ಡು. ಕೆಂಪು ಉಂಗುರ ಕಂಡರೆ ಮೊದಲ ದಿನಗಳಲ್ಲೇ ಸತ್ತಿದೆ. ಅನುಮಾನ ಇದ್ದರೆ ಎಸೆಯಬೇಡಿ, ಹದಿನಾಲ್ಕನೇ ದಿನ ಮತ್ತೊಮ್ಮೆ ನೋಡಿದರಾಯಿತು. ವಾಸನೆ ಬಂದರೆ, ಚಿಪ್ಪಿನ ಮೇಲೆ ಜಿನುಗು ಕಂಡರೆ ಮಾತ್ರ ಅದೇ ಗಳಿಗೆ ಹೊರಗೆ ಹಾಕಿ.

ಕರೆಂಟು ಹೋದರೆ?

ಮುಚ್ಚಳ ತೆಗೆಯಬೇಡಿ. ಒಂದು ಗಂಟೆಯೊಳಗೆ ಬರುವುದಾದರೆ ಏನೂ ಮಾಡಬೇಕಿಲ್ಲ. ಹೆಚ್ಚು ಹೊತ್ತಾದರೆ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಿಸಿ ನೀರು ತುಂಬಿದ ಎರಡು ಬಾಟಲಿಗೆ ಬಟ್ಟೆ ಸುತ್ತಿ ಒಳಗೆ ಮೊಟ್ಟೆಗೆ ತಾಗದಂತೆ ಇಡಿ. ಗಂಟೆ ಗಂಟೆಗೆ ಬದಲಿಸಿ. ಕೊನೆಯ ವಾರದಲ್ಲಿ ಗಾಳಿತೂತುಗಳನ್ನು ಕಂಬಳಿಯಿಂದ ಮುಚ್ಚಬೇಡಿ, ಬೆಳೆದ ಮರಿಗೆ ಕಾವಿಗಿಂತ ಉಸಿರು ಮುಖ್ಯ. ಮನೆಯ ಇನ್‌ವರ್ಟರ್ ಇದ್ದರೆ ಇನ್‌ಕ್ಯುಬೇಟರಿನ ಪ್ಲಗ್ಗನ್ನು ಆ ಲೈನಿಗೇ ಹಾಕಿ. ಅದಕ್ಕೆ ಬೇಕಾಗುವುದು ಒಂದೆರಡು ಬಲ್ಬಿನಷ್ಟು ಕರೆಂಟು, ಇಡೀ ರಾತ್ರಿ ನಡೆಯುತ್ತದೆ.

ಹಳ್ಳಿಗಳಲ್ಲಿ ಇನ್ನೊಂದು ಕಾಟ ಸಂಜೆಯ ಲೋ ವೋಲ್ಟೇಜ್. 180 ವೋಲ್ಟಿನಲ್ಲಿ 60 ವ್ಯಾಟ್ ಬಲ್ಬು 40ರ ಆಸುಪಾಸಿನ ಕಾವನ್ನಷ್ಟೇ ಕೊಡುತ್ತದೆ. ಥರ್ಮೋಸ್ಟಾಟ್ ಇರುವುದರಿಂದ ಒಂದು ಮಟ್ಟ ಹೆಚ್ಚಿನ ವ್ಯಾಟಿನ ಬಲ್ಬು ಹಾಕಿಕೊಂಡರೆ ತೊಂದರೆಯಿಲ್ಲ.

ದಿನ ಎಣಿಸುವುದು ಹೇಗೆ? ಹದಿನಾಲ್ಕನೇ ದಿನ ಏನು ಮಾಡಬೇಕು?

ಇಟ್ಟ ದಿನ ಸೊನ್ನೆ. ಸೋಮವಾರ ಸಂಜೆ ಇಟ್ಟರೆ ಮಂಗಳವಾರ ಸಂಜೆಗೆ ಒಂದು ದಿನ. ಎರಡು ವಾರ ಕಳೆದ ಸೋಮವಾರ ತಿರುಗಿಸುವುದನ್ನು ನಿಲ್ಲಿಸಿ, ಆ ವಾರದ ಗುರುವಾರ ಮರಿ ನಿರೀಕ್ಷಿಸಿ. ಒಂದಷ್ಟು ಬುಧವಾರವೇ ಬರಬಹುದು, ಶುಕ್ರವಾರಕ್ಕೂ ಉಳಿಯಬಹುದು.

ಆ ಸೋಮವಾರ ಮೊಟ್ಟೆಗಳನ್ನು ತಿರುಗಿಸುವ ಟ್ರೇಯಿಂದ ತೆಗೆದು ಅಡ್ಡಡ್ಡ ಮಲಗಿಸಿ. ಕೆಳಗೆ ಜಾರದಂಥ ಹಾಸು ಇರಲಿ: ಡ್ರಾಯರಿಗೆ ಹಾಸುವ ರಬ್ಬರ್ ಮ್ಯಾಟಿನ ತುಂಡು ಚೆನ್ನಾಗಿರುತ್ತದೆ. ನೀರಿನ ತಟ್ಟೆಯ ಮೇಲೆ ಸೊಳ್ಳೆ ಜಾಲರಿ ಬಿಗಿಯಿರಿ, ಏಳೆಂಟು ಗ್ರಾಂ ತೂಗುವ ಮರಿಗೆ ಅರ್ಧ ಇಂಚು ನೀರೂ ಸಾವೇ. ಉಷ್ಣತೆಯನ್ನು 37.2ಕ್ಕೆ ಇಳಿಸಿ, ತೇವಾಂಶವನ್ನು ಏರಿಸಿ, ಮುಚ್ಚಳ ಹಾಕಿ. ಮತ್ತೆ ನೀರು ಸೇರಿಸಬೇಕಾದರೆ ಗಾಳಿತೂತಿನಿಂದ ಸಣ್ಣ ಪೈಪು ತೂರಿಸಿ ಸಿರಿಂಜಿನಲ್ಲಿ ಬಿಡಿ.

ಮೊಟ್ಟೆ ಬಿರುಕು ಬಿಟ್ಟಿದೆ, ಮರಿ ಹೊರಗೆ ಬರುತ್ತಿಲ್ಲ. ನಾವೇ ಒಡೆದು ತೆಗೆಯಬಹುದೇ?

ಬೇಡ. ಮೊದಲ ಬಿರುಕಿನಿಂದ ಹೊರಬರುವವರೆಗೆ 12ರಿಂದ 24 ಗಂಟೆ ಆಗುವುದು ಸಹಜ. ಆ ಹೊತ್ತಿನಲ್ಲಿ ಮರಿ ಸುಮ್ಮನೆ ಇರುವುದಿಲ್ಲ. ಪೊರೆಯ ರಕ್ತನಾಳಗಳಲ್ಲಿ ಉಳಿದ ರಕ್ತವನ್ನೂ ಹೊಟ್ಟೆಗೆ ಸೇರಬೇಕಾದ ಹಳದಿಯನ್ನೂ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಅವಸರದಲ್ಲಿ ಒಡೆದರೆ ರಕ್ತ ಸುರಿದು ಸಾಯುತ್ತದೆ. ಅದು ಮುಗಿದ ಮೇಲೆ ಗೌಜಲ ಮರಿ ಬಲು ಚುರುಕು, ಚಿಪ್ಪಿನ ಸುತ್ತ ಕುಕ್ಕಿ ಕೆಲವೇ ನಿಮಿಷಗಳಲ್ಲಿ ಮುಚ್ಚಳ ಒದ್ದು ಈಚೆ ಬರುತ್ತದೆ.

ಮುಚ್ಚಳ ತೆರೆದಾಗ ತೇವದ ಗಾಳಿ ಒಮ್ಮೆಲೇ ಹೋಗಿ, ಬಿರುಕು ಬಿಟ್ಟ ಉಳಿದ ಮೊಟ್ಟೆಗಳ ಪೊರೆ ಒಣಗಿ ಮರಿಯನ್ನು ಬಿಗಿದು ಹಿಡಿಯುತ್ತದೆ. ಒಂದನ್ನು ಉಳಿಸಲು ಹೋಗಿ ನಾಲ್ಕು ಕಳೆದುಕೊಳ್ಳುವುದು ಹೀಗೆ. ಉಳಿದವೆಲ್ಲ ಬಂದಾದ ಮೇಲೆ, ಬಿರುಕು ಬಿಟ್ಟು 24 ಗಂಟೆ ದಾಟಿಯೂ ಒಳಗೆ ಕೂಗುತ್ತಿರುವ ಮರಿ ಇದ್ದರೆ, ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಪೊರೆ ತೋಯಿಸಿ, ದಪ್ಪ ತುದಿಯ ಕಡೆಯಿಂದ ಚಿಪ್ಪಿನ ಒಂದೆರಡು ಚೂರು ತೆಗೆದು ನೋಡಬಹುದು. ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಿ.

ಅರ್ಧದಷ್ಟೂ ಆಗಲಿಲ್ಲ. ತಪ್ಪು ಎಲ್ಲಿ ಎಂದು ತಿಳಿಯುವುದು ಹೇಗೆ?

ಆಗದ ಮೊಟ್ಟೆಗಳನ್ನು ಎಸೆಯುವ ಮೊದಲು ಬಯಲಿನಲ್ಲಿ, ಕೈಗವಸು ಹಾಕಿಕೊಂಡು ಒಡೆದು ನೋಡಿ, ಎಣಿಸಿ ಬರೆದಿಡಿ. ಅಸಹ್ಯ ಎನಿಸಿದರೂ ಮುಂದಿನ ತಂಡ ಸುಧಾರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಬರೀ ಹಳದಿ ಬಿಳಿ ಇದ್ದು ಏನೂ ಬೆಳೆದಿರದಿದ್ದರೆ ದೋಷ ಪೆಟ್ಟಿಗೆಯದಲ್ಲ. ಗಂಡು ಕಡಿಮೆ, ಹಕ್ಕಿಗೆ ವಯಸ್ಸಾಗಿದೆ, ಇಲ್ಲವೇ ಮೊಟ್ಟೆ ಹಳೆಯದು. ಮೊದಲ ನಾಲ್ಕೈದು ದಿನದಲ್ಲಿ ಸತ್ತಿದ್ದರೆ ಬಿಸಿಯಲ್ಲಿ ಕೂಡಿಟ್ಟದ್ದು, ಸಾಗಣೆಯ ಕುಲುಕಾಟ ಅಥವಾ ಆರಂಭದ ಉಷ್ಣತೆಯ ಏರುಪೇರು ಕಾರಣ. ಪೂರಾ ಬೆಳೆದು ಚಿಪ್ಪು ಕುಕ್ಕದೆ ಸತ್ತು, ಒಳಗೆ ನೀರು ನೀರಾಗಿದ್ದರೆ ಮೊದಲ ಎರಡು ವಾರ ತೇವಾಂಶ ಹೆಚ್ಚಾಗಿತ್ತು. ಕುಕ್ಕಿದ ಮೇಲೆ ಪೊರೆ ಕಾಗದದಂತೆ ಒಣಗಿ ಮರಿಗೆ ಅಂಟಿದ್ದರೆ ಕೊನೆಯಲ್ಲಿ ತೇವಾಂಶ ಸಾಲಲಿಲ್ಲ, ಅಥವಾ ಮುಚ್ಚಳ ಪದೇ ಪದೇ ತೆರೆದಿರಿ. ತಲೆ ಚೂಪು ತುದಿಯ ಕಡೆಗೆ ಇದ್ದರೆ ಮೊಟ್ಟೆಯನ್ನು ತಲೆಕೆಳಗಾಗಿ ಇಟ್ಟಿದ್ದಿರಬಹುದು.

ಹದಿನಾರನೇ ದಿನಕ್ಕೇ ಎಲ್ಲವೂ ಬಂದು, ಹೊಕ್ಕುಳು ಸರಿಯಾಗಿ ಮುಚ್ಚದೆ ಕೆಂಪಗಿದ್ದರೆ ಉಷ್ಣತೆ ಹೆಚ್ಚು. ಹತ್ತೊಂಬತ್ತಕ್ಕೆ ಎಳೆದು ಮರಿ ನಿಧಾನವಾಗಿ, ಹೊಟ್ಟೆ ಉಬ್ಬಿದಂತಿದ್ದರೆ ಕಡಿಮೆ. ತಾಜಾ ಮೊಟ್ಟೆ ತಂದು ಇಟ್ಟಾಗ, ಬೆಳೆಯುತ್ತಿರುವ ನೂರು ಮೊಟ್ಟೆಗೆ 70–80 ಮರಿಯಾದರೆ ಚೆನ್ನಾಗಿಯೇ ಆಗಿದೆ. ದೂರದಿಂದ ಕೊರಿಯರ್‌ನಲ್ಲಿ ಬಂದದ್ದರಲ್ಲಿ ಅರ್ಧ ಆದರೂ ತೃಪ್ತಿಪಡಬೇಕು.

ಮರಿಗಳನ್ನು ಯಾವಾಗ ಹೊರಗೆ ತೆಗೆಯಬೇಕು?

ತುಪ್ಪಳ ಒಣಗಿ ಉಬ್ಬಿದ ಮೇಲೆ. ಹೊಟ್ಟೆಯೊಳಗಿನ ಹಳದಿಯ ಆಸರೆಯಲ್ಲಿ ಒಂದು ದಿನ ನೀರು, ಮೇವು ಇಲ್ಲದೆ ಇರಬಲ್ಲವು. 24 ಗಂಟೆ ಮೀರಿಸಬೇಡಿ. ತೆಗೆಯುವುದಾದರೆ ಒಣಗಿದವನ್ನೆಲ್ಲ ಒಂದೇ ಸಲ, ಬೇಗ ಬೇಗ ತೆಗೆದು ಮುಚ್ಚಿ. ಮರಿಮನೆ ಅಷ್ಟರೊಳಗೆ ಬೆಚ್ಚಗಾಗಿರಬೇಕು.

ಮರಿಮನೆ ಹೇಗಿರಬೇಕು?

ನೂರು ಮರಿಗೆ ಮೊದಲ ಎರಡು ವಾರ ಮೂರಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆ ಸಾಕು. ಮೂರನೇ ವಾರದಿಂದ ನಾಲ್ಕಡಿಗೆ ಎರಡೂವರೆ ಅಡಿಯಲ್ಲಿ ಐವತ್ತಕ್ಕಿಂತ ಹೆಚ್ಚು ಬೇಡ. ಗೋಡೆ ಗಟ್ಟಿಯಾಗಿರಲಿ: ಅರ್ಧ ಇಂಚಿನ ಜಾಲರಿಯ ಕಣ್ಣಿನಲ್ಲೂ ಹೊಸ ಮರಿ ನುಸುಳುತ್ತದೆ. ಮೇಲೆ ಬಲೆ ಹಾಕಿ, ಎರಡನೇ ವಾರಕ್ಕೆಲ್ಲ ಹಾರಲು ಕಲಿಯುತ್ತವೆ.

ಬಲ್ಬಿನ ಅಡಿಯಲ್ಲಿ, ನೆಲಮಟ್ಟದಲ್ಲಿ ಮೊದಲ ವಾರ 35–36 ಡಿಗ್ರಿ. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಿ. 60 ಅಥವಾ 100 ವ್ಯಾಟಿನ ಬಲ್ಬನ್ನು ಒಂದು ಅಡಿ ಎತ್ತರದಲ್ಲಿ ಪೆಟ್ಟಿಗೆಯ ಒಂದು ಬದಿಗೆ ನೇತುಹಾಕಿ, ನಡುವಿಗೆ ಬೇಡ. ಇನ್ನೊಂದು ಬದಿ ತಂಪಾಗಿರಬೇಕು, ಸೆಕೆಯಾದ ಮರಿಗೆ ಸರಿದುಹೋಗಲು ಜಾಗ ಬೇಕು. ಮರಿಗಳೆಲ್ಲ ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಕಿರುಚುತ್ತಿದ್ದರೆ ಚಳಿ, ಬಾಯಿ ತೆರೆದು ಗೋಡೆಗೆ ಒತ್ತಿಕೊಂಡಿದ್ದರೆ ಸೆಕೆ. ಎಲ್ಲೆಡೆ ಹರಡಿ ಕಾಲು ಚಾಚಿ ಮಲಗಿದ್ದರೆ ಸರಿಯಿದೆ. ರಾಶಿ ಬೀಳುವುದು ಸಣ್ಣ ವಿಷಯವಲ್ಲ, ಅಡಿಯಲ್ಲಿ ಸಿಕ್ಕಿದವು ಬೆಳಗಾಗುವುದರೊಳಗೆ ಉಸಿರುಗಟ್ಟಿ ಸತ್ತಿರುತ್ತವೆ. ಇಲ್ಲಿಯೂ ಎರಡು ಬಲ್ಬು ಹಾಕಿ.

ಬಲ್ಬನ್ನು ವೈರಿನಿಂದಲೇ ನೇತುಹಾಕಬೇಡಿ. ಜಾರಿ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಸರಪಳಿ ಹಾಕಿ, ಸುತ್ತ ತಂತಿಯ ಗೂಡು ಕೂರಿಸಿ.

ನೆಲಕ್ಕೆ ನ್ಯೂಸ್‌ಪೇಪರ್ ಹಾಸಬಹುದೇ?

ಕೂಡದು. ನುಣುಪಿನ ಮೇಲೆ ಕಾಲು ಜಾರಿ ಜಾರಿ ಎರಡು ದಿನದೊಳಗೆ ತೊಡೆಯ ಕೀಲು ಹೊರಕ್ಕೆ ಚಾಚಿಕೊಂಡುಬಿಡುತ್ತದೆ. ಮೊದಲ ನಾಲ್ಕೈದು ದಿನ ಗೋಣಿಚೀಲದ ತುಂಡು ಅಥವಾ ರಬ್ಬರ್ ಮ್ಯಾಟ್ ಹಾಸಿ, ದಿನಾ ಬದಲಿಸಿ. ಮರಿ ಮೇವನ್ನು ಗುರುತಿಸಲು ಕಲಿತ ಮೇಲೆ ಒಂದಂಗುಲ ಭತ್ತದ ಹೊಟ್ಟು ಹಾಕಬಹುದು. ಮೊದಲೇ ಹಾಕಿದರೆ ಅದನ್ನೇ ತಿನ್ನುತ್ತವೆ. ಬೂಷ್ಟು ವಾಸನೆಯ ಹೊಟ್ಟು ಬೇಡ, ಬೂಷ್ಟಿನಿಂದ ಶ್ವಾಸಕೋಶದ ರೋಗ ಬಂದು ಮರಿಗಳು ಏದುಸಿರು ಬಿಡುತ್ತಾ ಸಾಯುತ್ತವೆ.

ಕಾಲು ಚಾಚಿಕೊಂಡ ಮರಿಯನ್ನು ಅದೇ ದಿನ ಹಿಡಿದರೆ ಸರಿಹೋಗುತ್ತದೆ. ಬ್ಯಾಂಡೇಜ್ ಪಟ್ಟಿಯನ್ನು ಅರ್ಧ ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ಎರಡೂ ಕಾಲನ್ನು ಸಹಜವಾಗಿ ನಿಂತಾಗ ಇರುವಷ್ಟು ಅಂತರದಲ್ಲಿ ಬೇಡಿಯಂತೆ ಕಟ್ಟಿ. ಎರಡು ಮೂರು ದಿನದಲ್ಲಿ ಬಿಚ್ಚಿ ನೋಡಿ. ಬೆರಳುಗಳು ಒಳಕ್ಕೆ ಮಡಚಿದ್ದರೆ ಅದು ಬೇರೆ ತೊಂದರೆ. ರೈಬೋಫ್ಲೇವಿನ್ (ಬಿ2 ವಿಟಮಿನ್) ಕೊರತೆ ಇರಬಹುದು, ನೀರಿಗೆ ಬಿ ಕಾಂಪ್ಲೆಕ್ಸ್ ಬೆರೆಸುವ ಪ್ರಮಾಣವನ್ನು ಪಶುವೈದ್ಯರಿಂದ ಕೇಳಿ.

ನೀರು ಕೊಡುವುದು ಹೇಗೆ?

ಕೋಳಿ ಮರಿಯ ಡ್ರಿಂಕರ್ ಇಟ್ಟರೆ ಅದರ ಅಂಚಿನಲ್ಲಿ ನೀರು ನಿಲ್ಲುವ ತಗ್ಗಿನಲ್ಲಿ ಗೋಲಿಗಳನ್ನೋ ನುಣುಪು ಕಲ್ಲುಗಳನ್ನೋ ತುಂಬಿ. ಕೊಕ್ಕು ಹೋಗಬೇಕು, ಮೈ ಹೋಗಬಾರದು. ಮುಳುಗದಿದ್ದರೂ ಮೈ ಒದ್ದೆಯಾದ ಮರಿ ಚಳಿಗೆ ಸಾಯುತ್ತದೆ. ಪೆಟ್ಟಿಗೆಗೆ ಬಿಟ್ಟ ಕೂಡಲೇ ಪ್ರತಿ ಮರಿಯ ಕೊಕ್ಕಿನ ತುದಿಯನ್ನು ಒಮ್ಮೆ ನೀರಿಗೆ ಮುಟ್ಟಿಸಿ. ನೀರು ಉಗುರು ಬೆಚ್ಚಗಿರಲಿ, ದಿನಕ್ಕೆ ಎರಡು ಸಲ ಪಾತ್ರೆ ಉಜ್ಜಿ ತೊಳೆದು ಬದಲಿಸಿ.

ಏನು ಮೇವು? ರಾಗಿ, ನುಚ್ಚಕ್ಕಿ ಸಾಕೇ?

ಸಾಲದು. ರಾಗಿಯಲ್ಲೂ ಅಕ್ಕಿಯಲ್ಲೂ ಪ್ರೋಟೀನು ನೂರಕ್ಕೆ ಏಳರ ಆಸುಪಾಸು. ಈ ಮರಿಗೆ ಮೊದಲ ಮೂರು ವಾರ ಬೇಕಾದದ್ದು 24ರಿಂದ 27. ಸಿಗುವುದರಲ್ಲಿ ಹತ್ತಿರದ್ದು ಬ್ರಾಯ್ಲರ್ ಪ್ರೀ ಸ್ಟಾರ್ಟರ್ (ಮಾಂಸದ ಕೋಳಿಯ ಎಳೆ ಮರಿಗೆ ಕೊಡುವ ಮೇವು), ಅದರಲ್ಲಿ 22–23 ಇರುತ್ತದೆ. ಅದರ 900 ಗ್ರಾಮಿಗೆ 100 ಗ್ರಾಂ ಸೋಯಾ ಹಿಂಡಿ ಬೆರೆಸಿದರೆ 24 ದಾಟುತ್ತದೆ. ಕಾಳು ದಪ್ಪವಾಗಿದ್ದರೆ ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಸಣ್ಣ ರವೆಯಷ್ಟು ಮಾಡಿ, ಹಿಟ್ಟು ಮಾಡಬೇಡಿ. ಹಿಟ್ಟಾದರೆ ಕೊಕ್ಕಿಗೆ ಮೆತ್ತುತ್ತದೆ.

ಮೊಟ್ಟೆಕೋಳಿಯ ಲೇಯರ್ ಫೀಡ್ ಮರಿಗೆ ಖಂಡಿತ ಬೇಡ. ಅದರ ಸುಣ್ಣದ ಅಂಶ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ಐದು ವಾರಕ್ಕೆ ಒಂದು ಹಕ್ಕಿ ಸುಮಾರು 400–500 ಗ್ರಾಂ ಮೇವು ತಿನ್ನುತ್ತದೆ. ಐವತ್ತು ಮರಿಗೆ 20–25 ಕಿಲೋ ಲೆಕ್ಕ ಹಾಕಿ, ಒಂದೇ ಬ್ಯಾಚಿನ ತಾಜಾ ಚೀಲ ತನ್ನಿ.

ಮೊದಲ ವಾರದಲ್ಲೇ ದಿನಕ್ಕೆರಡು ಸಾಯುತ್ತಿವೆ. ಏನು ರೋಗ?

ಮೊದಲ ಮೂರು ದಿನದ ಸಾವಿಗೆ ರೋಗಕ್ಕಿಂತ ಚಳಿ, ಒದ್ದೆ, ನೀರು ಮೇವು ಕಾಣದಿರುವುದು ಇವೇ ಹೆಚ್ಚಿನ ಕಾರಣ. ಔಷಧ ಹುಡುಕುವ ಮೊದಲು ರಾತ್ರಿ ಎರಡು ಗಂಟೆಗೆ ಎದ್ದು ಥರ್ಮಾಮೀಟರ್ ನೋಡಿ, ಸಂಜೆ ಸರಿಯಿದ್ದದ್ದು ಆ ಹೊತ್ತಿಗೆ ಇಳಿದಿರುತ್ತದೆ. ಹಿಂಭಾಗಕ್ಕೆ ಹಿಕ್ಕೆ ಅಂಟಿ ಮುಚ್ಚಿಕೊಂಡಿದ್ದರೆ ಬೆಚ್ಚನೆ ನೀರಿನ ಹತ್ತಿಯಿಂದ ನೆನೆಸಿ ತೆಗೆಯಿರಿ, ಎಳೆಯಬೇಡಿ.

ಎರಡನೇ ವಾರದ ನಂತರ ರೆಕ್ಕೆ ಜೋತುಬಿಟ್ಟು, ರಕ್ತ ಅಥವಾ ನೊರೆ ಬೆರೆತ ಹಿಕ್ಕೆ ಕಂಡರೆ ಕಾಕ್ಸಿಡಿಯೋಸಿಸ್ (ಪರಾವಲಂಬಿ ಜೀವಿಯಿಂದ ಬರುವ ಕರುಳಿನ ರೋಗ) ಅನುಮಾನಿಸಿ. ಒದ್ದೆ ಹೊಟ್ಟು ಅದರ ತವರು. ಸತ್ತ ಮರಿಯೊಂದನ್ನು ಕವರಿನಲ್ಲಿ ಹಾಕಿ ಅದೇ ದಿನ ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ. ಅಂದಾಜಿನ ಮೇಲೆ ಆಂಟಿಬಯೋಟಿಕ್ ಕೊಡುವುದು ತಪ್ಪು. ಒಮ್ಮೆಲೇ ಹಲವು ಹಕ್ಕಿ ಸತ್ತರೆ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ, ಹಕ್ಕಿಜ್ವರ ಇರಬಹುದು.

ಇರುವೆ, ಇಲಿಗೆ ಏನು ಮಾಡುವುದು?

ಕೆಂಪಿರುವೆ ಒಂದೇ ರಾತ್ರಿಯಲ್ಲಿ ಮರಿಗಳ ಕಣ್ಣು, ಹೊಕ್ಕುಳಿಗೆ ಮುತ್ತಿ ಕೊಲ್ಲುತ್ತದೆ. ಮರಿಮನೆಯನ್ನು ಮೇಜಿನ ಮೇಲಿಟ್ಟು, ಮೇಜಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಮೇಜು ಗೋಡೆಗೆ ತಾಗಬಾರದು, ವೈರು ಗೋಡೆಯಿಂದ ಬರುವಲ್ಲಿ ಗ್ರೀಸ್ ಹಚ್ಚಿ. ಇರುವೆಪುಡಿಯನ್ನು ಪೆಟ್ಟಿಗೆಯ ಹತ್ತಿರ ಹಾಕಬೇಡಿ. ಇಲಿ, ಹಾವು ಎರಡಕ್ಕೂ ಕಾಲಿಂಚಿನ ತಂತಿ ಜಾಲರಿ ಬೇಕು.

ಕೋಳಿ ಮರಿಗಳ ಜೊತೆ ಬಿಡಬಹುದೇ?

ಬೇಡ. ಕೋಳಿಗೆ ಏನೂ ಮಾಡದ ಸೋಂಕು ಗೌಜಲವನ್ನು ಕೆಡವಬಹುದು. ಗಾತ್ರದಲ್ಲೂ ಹೊಂದುವುದಿಲ್ಲ.

ಬಲ್ಬು ಯಾವಾಗ ತೆಗೆಯಬೇಕು? ಗಂಡು ಹೆಣ್ಣು ಗೊತ್ತಾಗುವುದು ಯಾವಾಗ?

ಮೈತುಂಬ ಗರಿ ಬಂದ ಮೇಲೆ, ಬಯಲುಸೀಮೆಯ ಬೇಸಿಗೆಯಲ್ಲಿ ಎರಡು ವಾರಕ್ಕೇ ಸಾಕು. ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ ರಾತ್ರಿ ಹೊತ್ತು ನಾಲ್ಕು ವಾರದವರೆಗೂ ಬೇಕಾಗುತ್ತದೆ.

ಮೂರು ವಾರ ದಾಟಿದಾಗ ಕಾಡುಬಣ್ಣದ ಹಕ್ಕಿಯಲ್ಲಿ ಗಂಡಿನ ಎದೆ ಕಲೆಯಿಲ್ಲದ ಇಟ್ಟಿಗೆಗೆಂಪು, ಹೆಣ್ಣಿನದು ಬೂದಿಬಣ್ಣದ ಮೇಲೆ ಕಪ್ಪು ಚುಕ್ಕೆ. ಬಿಳಿ ತಳಿಗಳಲ್ಲಿ ಇದು ಕಾಣದು, ಆರನೇ ವಾರದವರೆಗೆ ಕಾಯಿರಿ. ಗಂಡಿನ ಗುದದ ಮೇಲಿನ ಉಬ್ಬನ್ನು ಮೆಲ್ಲಗೆ ಒತ್ತಿದರೆ ಬಿಳಿ ನೊರೆ ಬರುತ್ತದೆ. ಹೆಣ್ಣುಗಳು ಆರೇಳು ವಾರಕ್ಕೆ ಮೊಟ್ಟೆ ಶುರುಮಾಡುತ್ತವೆ.

ಇವೇ ಹಕ್ಕಿಗಳ ಮೊಟ್ಟೆಯನ್ನು ಮತ್ತೆ ಕಾವಿಗೆ ಇಡಬಹುದೇ?

ಒಂದು ತಲೆಮಾರು ಇಡಬಹುದು. ಆದರೆ ಒಡಹುಟ್ಟಿದವುಗಳನ್ನೇ ಕೂಡಿಸುತ್ತಾ ಹೋದರೆ ಗೌಜಲದಲ್ಲಿ ಅದರ ಪೆಟ್ಟು ಬಲು ಬೇಗ ಕಾಣುತ್ತದೆ: ಗೊಡ್ಡು ಮೊಟ್ಟೆ ಹೆಚ್ಚುತ್ತದೆ, ಚಿಪ್ಪೊಳಗೆ ಸಾಯುವುದು ಹೆಚ್ಚುತ್ತದೆ, ಮರಿ ಸೊರಗುತ್ತದೆ. ಪ್ರತಿ ತಂಡದ ಮರಿಗಳ ಕಾಲಿಗೆ ಬೇರೆ ಬೇರೆ ಬಣ್ಣದ ಬಳೆ ಹಾಕಿ, ಒಂದು ತಂಡದ ಗಂಡನ್ನು ಇನ್ನೊಂದು ಮೂಲದ ಹೆಣ್ಣಿಗೆ ಬಿಡಿ. ವರ್ಷಕ್ಕೊಮ್ಮೆಯಾದರೂ ಬೇರೆ ಕಡೆಯಿಂದ ಹೊಸ ಗಂಡುಗಳನ್ನು ತನ್ನಿ. ತಂದವನ್ನು ಎರಡು ಮೂರು ವಾರ ದೂರದ ಬೇರೆ ಗೂಡಿನಲ್ಲಿಟ್ಟು, ಸೀನು, ಬೇಧಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಹೆಣ್ಣುಗಳ ಜೊತೆ ಸೇರಿಸಿ. ಸೇರಿಸಿ ಒಂದು ವಾರ ಕಳೆದ ಮೇಲಿನ ಮೊಟ್ಟೆಗಳನ್ನು ಕಾವಿಗಾಗಿ ಕೂಡಿಡಲು ಆರಂಭಿಸಬಹುದು.